ಸಿಮೆಂಟ್ ಕೋರ್ಟಿಗೆ ಎಂಥ ಶೂ? ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ಯಾಸ್ಕೆಟ್‌ಬಾಲ್ ಶೂ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮರದ ಹಲಗೆ ಹಾಸಿದ ಒಳಾಂಗಣವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಶೂ ನಮ್ಮಲ್ಲಿ ಬಯಲು ಸಿಮೆಂಟಿನ ಮೇಲೆ ಓಡಬೇಕು. ಬಂದ ತಕರಾರುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು.

ಪ್ರಶ್ನೆ: ಬೆಂಗಳೂರಿನ ಒಳಾಂಗಣದಾಗ ಆಡಿದಾಗ ಶೂ ಗಟ್ಟಿ ಹಿಡೀತಿತ್ತು. ಇಲ್ಲಿ ಕಾಲೇಜಿನ ಸಿಮೆಂಟ್ ಕೋರ್ಟಿನಾಗ ಅದೇ ಶೂ ಜಾರ್ಲಕತ್ತದ. ನಾಕು ಸಲ ಓಡಿದರ ಒಮ್ಮೆ ಕೈಲೆ ಅಡಿ ಒರಸಬೇಕು. ಶೂ ಖರಾಬೋ, ಕೋರ್ಟ್ ಖರಾಬೋ ಹೇಳ್ರಿ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಮೊದಲ ಆರೋಪಿ ದೂಳು. ರಬ್ಬರ್ ನೆಲಕ್ಕೆ ನೇರವಾಗಿ ತಾಗಿದರೆ ಮಾತ್ರ ಹಿಡಿತ. ರೊಟ್ಟಿ ಬಡಿಯುವಾಗ ಕೆಳಗೆ ಒಣಹಿಟ್ಟು ಉದುರಿಸುವುದು ಅಂಟಬಾರದೆಂದೇ ಅಲ್ಲವೇ? ಎರೆಮಣ್ಣಿನ ನುಣುಪು ದೂಳು ನಿಮ್ಮ ಶೂ ಕೆಳಗೆ ಅದೇ ಕೆಲಸ ಮಾಡುತ್ತಿದೆ. ಒಳಾಂಗಣದಲ್ಲಿ ಪಂದ್ಯಕ್ಕೆ ಮೊದಲು, ನಡುವೆ, ಮತ್ತೆ ಮತ್ತೆ ನೆಲ ಒರೆಸುತ್ತಾರೆ. ಬಯಲಿನಲ್ಲಿ ಗಾಳಿ ಬೀಸಿದಷ್ಟೂ ಹೊಸ ದೂಳು ಬಂದು ಕೂರುತ್ತದೆ.

ಎರಡನೆಯದು ಅಡಿಯ ರಬ್ಬರ್. ಒಳಾಂಗಣದ ಶೂಗಳಲ್ಲಿ ಮೆದು ರಬ್ಬರ್, ಆಳವಿಲ್ಲದ ಸಣ್ಣ ಗೆರೆ. ಮೆದುವಾದಷ್ಟೂ ದೂಳನ್ನು ಮೈಗೆ ಹತ್ತಿಸಿಕೊಳ್ಳುತ್ತದೆ, ಸಿಮೆಂಟ್ ಅದನ್ನು ಅರದಂತೆ ಉಜ್ಜಿಯೂ ಹಾಕುತ್ತದೆ. ಬಯಲಿಗೆ ತುಸು ಗಡುಸು ರಬ್ಬರ್, ಆಳದ ಗೆರೆ ಬೇಕು. ಅಂಗಡಿಯಲ್ಲೇ ನೋಡಬಹುದು. ಅಡಿಗೆ ಹೆಬ್ಬೆರಳಿನ ಉಗುರು ಒತ್ತಿ. ತುಸು ಒಪ್ಪಿಕೊಂಡು ತಕ್ಷಣ ಹಿಂದಿರುಗಿದರೆ ಸರಿ. ಉಗುರಿನ ಗುರುತು ಉಳಿಯುವಷ್ಟು ಮೆದುವಿದ್ದರೆ ಅದು ಒಳಾಂಗಣದ ಮಾಲು. ಉಗುರು ಒಪ್ಪಿಕೊಳ್ಳದೇ ಇದ್ದರೆ ಪ್ಲಾಸ್ಟಿಕ್‌ನಂಥ ಅಡಿ, ಅದು ಎಲ್ಲಿಯೂ ಹಿಡಿಯದು. ಗೆರೆಗಳ ನಡುವೆ ಒಂದು ರೂಪಾಯಿ ನಾಣ್ಯದ ಅಂಚು ಸಲೀಸಾಗಿ ಕೂರಬೇಕು, ಆಳ ಸುಮಾರು 3 ಮಿ.ಮೀ. ಇರಲಿ. ವಿನ್ಯಾಸದಲ್ಲಿ ಹೆರಿಂಗ್‌ಬೋನ್, ಅಂದರೆ ಅಂಕುಡೊಂಕು ಗೆರೆ, ಇಂದಿಗೂ ಮೇಲು. ಮುಂದೆ ಹಾಯುವಾಗ, ಪಕ್ಕಕ್ಕೆ ಕಟ್ ಹೊಡೆಯುವಾಗ, ಒಂದು ಕಾಲೂರಿ ಪಿವಟ್ ತಿರುಗುವಾಗ ಯಾವ ದಿಕ್ಕಿನಲ್ಲಾದರೂ ಗೆರೆಯ ಅಂಚೊಂದು ನೆಲಕ್ಕೆ ಎದುರಾಗುತ್ತದೆ. ಗೆರೆಯ ತುದಿ ಅಂಚಿನವರೆಗೆ ತೆರೆದಿರುವುದರಿಂದ ದೂಳು ಹೊರಗೆ ಹೋಗಲು ದಾರಿಯೂ ಇರುತ್ತದೆ. ಸುತ್ತ ಮುಚ್ಚಿದ ಸಣ್ಣ ಗುಳಿಗಳ ವಿನ್ಯಾಸ ನೋಡಲು ಚೆಂದ. ಬಯಲಿನಲ್ಲಿ ಹತ್ತು ನಿಮಿಷಕ್ಕೆ ಗುಳಿ ತುಂಬಿ ಅಡಿ ಚಪ್ಪಟೆಯಾಗುತ್ತದೆ.

ಈಗಿರುವ ಶೂನಲ್ಲೇ ಆಡಬೇಕೆಂದರೆ ಹೀಗೆ ಮಾಡಿ. ಆಟಕ್ಕೆ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗೆರೆಗಳನ್ನು ಕೆದಕಿ ತೆಗೆಯಿರಿ. ಬೇಸ್‌ಲೈನ್ (ರಿಂಗಿನ ಹಿಂದಿನ ಗಡಿಗೆರೆ) ಆಚೆ ಟವೆಲ್ ಮಡಚಿಡಿ. ನೀರಿನಲ್ಲಿ ಅದ್ದಿ ಹಿಂಡಿದ್ದಿರಲಿ, ತೊಟ್ಟಿಕ್ಕಬಾರದು. ಚೆಂಡು ಹೊರಗೆ ಹೋದಾಗ ಎರಡೂ ಅಡಿಗಳನ್ನು ಅದಕ್ಕೆ ಉಜ್ಜಿ ಬನ್ನಿ. ಕೈಯಿಂದ ಒರೆಸಿದರೆ ದೂಳು ಬೆವರಿಗೆ ಕಲೆತು ಕೆಸರಾಗುತ್ತದೆ, ಆಮೇಲೆ ಅದೇ ಕೈ ಚೆಂಡು ಹಿಡಿಯುತ್ತದೆ. ಹೊಚ್ಚ ಹೊಸ ಶೂ ಜಾರಿದರೆ ಕಾರಣ ಬೇರೆ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಹಚ್ಚಿದ ಪದಾರ್ಥದ ತೆಳು ಪದರ ಅಡಿಯ ಮೇಲೆ ಉಳಿದಿರುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಐದು ನಿಮಿಷ ಒರಟು ಸಿಮೆಂಟ್ ಮೇಲೆ ನಡೆದರೆ ಹೋಗುತ್ತದೆ.

ಕೋರ್ಟಿನ ವಿಷಯ. ಪೂರ್ತಿ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 420 ಚದರ ಮೀಟರ್. ಇಬ್ಬರು ಕಸಬರಿಗೆ ಹಿಡಿದರೆ ಆಟಕ್ಕೆ ಮೊದಲು ಗುಡಿಸಿ ಮುಗಿಸಬಹುದು. ಅಷ್ಟೂ ಆಗದಿದ್ದರೆ ರಿಂಗ್ ಕೆಳಗಿನ 5.8 ಮೀಟರ್ ಉದ್ದ, 4.9 ಮೀಟರ್ ಅಗಲದ ಆಯತವನ್ನಾದರೂ ಗುಡಿಸಿ. ಹಾರಿ ಇಳಿಯುವುದು, ಬೀಳುವುದು ಹೆಚ್ಚಾಗಿ ಅಲ್ಲೇ. ಗಾಳಿ ಬರುವ ಕಡೆಯಿಂದ ಗುಡಿಸಲು ಶುರು ಮಾಡಿ, ಇಲ್ಲವಾದರೆ ಗುಡಿಸಿದ ದೂಳೆಲ್ಲ ಹಿಂದಕ್ಕೇ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಜಾರಿದರೆ ನೆಲವನ್ನು ಅಂಗೈಯಿಂದ ಸವರಿ ನೋಡಿ. ಮಿರಿಮಿರಿ ನುಣುಪಾಗಿದ್ದರೆ ಬಾಗಿಲಿಗೆ ಹೊಡೆಯುವ ಆಯಿಲ್ ಪೇಂಟನ್ನೇ ಕೋರ್ಟಿಗೂ ಬಳಿದಿದ್ದಾರೆ. ಅದರ ಮೇಲೆ ಎಷ್ಟು ಬೆಲೆಯ ಶೂ ಹಾಕಿದರೂ ವ್ಯರ್ಥ. ಸಣ್ಣ ಸಿಲಿಕಾ ಮರಳು ಬೆರೆತ ಅಕ್ರಿಲಿಕ್ ಲೇಪ ಕೋರ್ಟಿಗೆ ಸರಿಯಾದದ್ದು. ಮುಂದಿನ ಸಲ ಬಣ್ಣ ಹೊಡೆಸುವಾಗ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಮಾತು ಮುಟ್ಟಿಸಿ.

ಪ್ರಶ್ನೆ: ಮಗಳಿಗೆ 13 ವರ್ಷ, ಶಾಲಾ ತಂಡದಲ್ಲಿದ್ದಾಳೆ. ಕಾಲು ಬೆಳೆಯುತ್ತಲೇ ಇದೆ. ಒಂದು ಸೈಜ್ ದೊಡ್ಡದು ತಂದು ಮುಂದೆ ಹತ್ತಿ ತುರುಕಿದರೆ ನಡೆಯುತ್ತದೆಯೇ?
– ಪಾಲಕರು, ಬೀದರ್

ಉತ್ತರ: ಸಮವಸ್ತ್ರದ ಶೂಗೆ ನಡೆಯಬಹುದು, ಆಟದ ಶೂಗೆ ಬೇಡ. ಯುಕೆ ಅಳತೆಯಲ್ಲಿ ಒಂದು ಸೈಜ್ ಎಂದರೆ ಸುಮಾರು 8.5 ಮಿ.ಮೀ., ಅರ್ಧ ಸೈಜ್ 4.2 ಮಿ.ಮೀ. ಓಡುತ್ತಾ ಗಕ್ಕನೆ ನಿಂತಾಗ ಅಷ್ಟು ಜಾಗದಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಶೂನ ಮೂತಿಗೆ ಬಡಿಯುತ್ತದೆ. ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೀಗೆಯೇ. ಜೊತೆಗೆ ಶೂ ಎಲ್ಲಿ ಮಡಿಯಬೇಕೋ ಅಲ್ಲಿ ಪಾದ ಮಡಿಯುವುದಿಲ್ಲ, ಹಿಮ್ಮಡಿ ಎದ್ದೆದ್ದು ಬೊಬ್ಬೆ ಬರುತ್ತದೆ.

ಅಳತೆ ಸಂಜೆ ತೆಗೆಯಿರಿ, ಹಗಲಿಡೀ ನಡೆದ ಮೇಲೆ ಪಾದ ತುಸು ಉಬ್ಬಿರುತ್ತದೆ. ಆಟದ ದಪ್ಪ ಕಾಲುಚೀಲ ಹಾಕಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ಕಾಗದದ ಮೇಲೆ ನಿಲ್ಲಿಸಿ, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಎರಡೂ ಪಾದ ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಪೆಟ್ಟಿಗೆಯ ಮೇಲಿನ ನಂಬರಿಗಿಂತ ಸೆಂ.ಮೀ. ಅಂಕಿ ನಂಬಿಕೆಯದು. ಒಂದೇ ಯುಕೆ 8 ನೈಕಿಯಲ್ಲಿ ಯುಎಸ್ 9, ಅಡಿಡಾಸ್‌ನಲ್ಲಿ ಯುಎಸ್ 8.5. ಹೆಣ್ಣುಮಕ್ಕಳ ಯುಎಸ್ ನಂಬರ್ ಸಾಮಾನ್ಯವಾಗಿ ಗಂಡಸರ ನಂಬರಿಗಿಂತ ಒಂದೂವರೆ ಹೆಚ್ಚು. ಆನ್‌ಲೈನ್‌ನಲ್ಲಿ ತರಿಸುವವರು ಎಡವುವುದು ಇಲ್ಲೇ.

ನಿಂತಾಗ ಬೆರಳಿನ ಮುಂದೆ ಹೆಬ್ಬೆರಳಿನ ಅರ್ಧ ಅಗಲ, ಸುಮಾರು 1 ಸೆಂ.ಮೀ., ಜಾಗ ಸಾಕು. ಬೆಳೆಯುವ ಮಗು ಎಂದು ಮಿ.ಮೀ. ಒಂದೆರಡು ಹೆಚ್ಚಿರಲಿ, ಅದಕ್ಕಿಂತ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಒತ್ತಿ ನೋಡಿ, ಜಾಗ ಅರ್ಧ ಸೆಂ.ಮೀ.ಗೆ ಇಳಿದರೆ ಬದಲಿಸುವ ಕಾಲ ಬಂದಿದೆ. ಉದ್ದ ಸರಿಯಿದ್ದೂ ಹಿಮ್ಮಡಿ ಏಳುತ್ತಿದ್ದರೆ ಶೂ ಬದಲಿಸುವ ಮೊದಲು ಲೇಸ್ ಬದಲಿಸಿ ಕಟ್ಟಿ. ಮೇಲ್ತುದಿಯಲ್ಲಿ ಪಕ್ಕಕ್ಕೊಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಿ. ಎಡದ ತುದಿಯನ್ನು ಬಲದ ಕುಣಿಕೆಗೆ, ಬಲದ ತುದಿಯನ್ನು ಎಡದ ಕುಣಿಕೆಗೆ ಹಾಕಿ, ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಕುಳಿತಲ್ಲೇ ಕೂರುತ್ತದೆ.

ಪ್ರಶ್ನೆ: ಎಡಗಾಲು ಎರಡು ಸಲ ಉಳುಕಿದೆ. ಕಣಕಾಲು ಮುಚ್ಚುವ ಹೈ–ಟಾಪ್ ಶೂ ಹಾಕು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ?
– ಆಟಗಾರ, ಯಾದಗಿರಿ

ಉತ್ತರ: ಎಲ್ಲರೂ ಹೇಳುವ ಮಾತಿಗೆ ಆಧಾರ ತೆಳುವು. ಅಮೆರಿಕದಲ್ಲಿ 622 ಕಾಲೇಜು ಆಟಗಾರರಿಗೆ ಹೈ–ಟಾಪ್, ಲೋ–ಟಾಪ್ ಶೂಗಳನ್ನು ಹಂಚಿ ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಕಾಲು ಉಳುಕುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಬ್ಬರ ಪಾದದ ಮೇಲೆ ಇಳಿದಾಗ ಬೀಳುವ ಭಾರವನ್ನು ಕಣಕಾಲಿನ ಸುತ್ತಲಿನ ಬಟ್ಟೆ ತಡೆಯಲಾರದು. ತಡೆಯುವುದು ಕೆಳಗಿನ ಅಗಲ. ಕಿರುಬೆರಳಿನ ಪಕ್ಕ ಅಡಿಯ ರಬ್ಬರ್ ಪಾದಕ್ಕಿಂತ ತುಸು ಆಚೆ ಚಾಚಿರಬೇಕು, ಹಿಮ್ಮಡಿಯ ಹಿಂದಿನ ಬಟ್ಟಲು ಹಿಚುಕಿದರೆ ಮಡಿಯಬಾರದು, ಪಾದ ಅಡಿಯ ಮೇಲೆ ಎತ್ತರದಲ್ಲಿ ನಿಲ್ಲದೆ ಅಂಚುಗಳ ಒಳಗೆ ಇಳಿದು ಕೂರಬೇಕು.

ಕಣಕಾಲಿಗೆ ಹಾಕಿ ಲೇಸ್ ಕಟ್ಟುವ ಆಸರೆ, ಅಂದರೆ ಬ್ರೇಸ್, ಮಾತ್ರ ಉಪಯೋಗಕ್ಕೆ ಬಂದಿದೆ. 1,460 ಪ್ರೌಢಶಾಲಾ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಿಗೆ ಕಣಕಾಲಿನ ಪೆಟ್ಟು ಕಡಿಮೆಯಾಯಿತು. ಆದರೂ ಪೆಟ್ಟು ಆದವರಿಗೆ ಅದರ ತೀವ್ರತೆ ಕಡಿಮೆ ಇರಲಿಲ್ಲ. ಶೂ ಕೊಳ್ಳಲು ಹೋಗುವಾಗ ಬ್ರೇಸ್ ಜೊತೆಗೇ ಒಯ್ಯಿರಿ, ಬರಿಗಾಲಿಗೆ ಸರಿಹೋದ ಶೂ ಬ್ರೇಸ್ ಹಾಕಿದರೆ ಬಿಗಿಯಾಗುತ್ತದೆ.

ಆಸ್ಟ್ರೇಲಿಯಾದ 2001ರ ಅಧ್ಯಯನವೊಂದರಲ್ಲಿ ಹಿಂದೆ ಉಳುಕಿದವರಿಗೆ ಮತ್ತೆ ಉಳುಕುವ ಸಂಭವ ಸುಮಾರು ಐದು ಪಟ್ಟು ಕಂಡಿತು. ನೀವು ಆ ಸಾಲಿನವರು. ಹಾಗಾಗಿ ಹೊಸ ಶೂಗಿಂತ ಮೊದಲು ಕಾಲನ್ನು ಗಟ್ಟಿ ಮಾಡಿ. ಒಂಟಿ ಕಾಲಿನಲ್ಲಿ 30 ಸೆಕೆಂಡ್ ನಿಲ್ಲುವುದು, ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಆಮೇಲೆ ನಿಂತೇ ಚೆಂಡು ಹಿಡಿದು ಎಸೆಯುವುದು. ದಿನಕ್ಕೆ ಕಾಲಿಗೆ ಮೂರು ಸಲ. ಮುಂದೆಂದಾದರೂ ಉಳುಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಕಣಕಾಲಿನ ಎಲುಬನ್ನೇ ಒತ್ತಿದಾಗ ನೋವಾದರೆ, ತಿಕ್ಕಿಸಿಕೊಳ್ಳಲು ಹೋಗಬೇಡಿ, ಎಕ್ಸ್‌–ರೇ ತೆಗೆಸಿ.

ಪ್ರಶ್ನೆ: ನಾನು ಸೆಂಟರ್ (ರಿಂಗ್ ಬಳಿಯ ಸ್ಥಾನ) ಆಡುತ್ತೇನೆ, ತೂಕ 92 ಕೆ.ಜಿ. ಸಿಮೆಂಟಿನ ಮೇಲೆ ಆಡಿ ಮೊಣಕಾಲು ನೋಯುತ್ತದೆ. ಅತಿ ಮೆತ್ತನೆಯ ಶೂ ತಗೊಂಡರೆ ಆಯಿತಲ್ಲವೇ?
– ಸುರಪುರ

ಉತ್ತರ: ಮೆತ್ತಗಿರಲಿ, ಅತಿ ಬೇಡ. ಮೆತ್ತೆ ಪೂರ್ತಿ ಕುಸಿದು ತಳ ಮುಟ್ಟಿದರೆ ಆಮೇಲೆ ನೀವು ಇಳಿಯುವುದು ನೇರ ಸಿಮೆಂಟಿನ ಮೇಲೆಯೇ. ತೂಕ ಹೆಚ್ಚಿದ್ದಷ್ಟೂ ಅದು ಬೇಗ. ಮೇಲಾಗಿ ಮೆದು ಮೆತ್ತೆ ಪಕ್ಕಕ್ಕೆ ವಾಲುತ್ತದೆ, ರಿಂಗ್ ಕೆಳಗೆ ಬೆನ್ನು ಕೊಟ್ಟು ತಳ್ಳಾಡುವವರಿಗೆ ಅದು ಅಪಾಯ.

ಹೆಚ್ಚು ಶೂಗಳ ಮೆತ್ತೆಯಲ್ಲಿ ಇರುವುದು ಇವಿಎ ಎಂಬ ಫೋಮ್. ಹಗುರ, ಅಗ್ಗ, ಆದರೆ ತುಳಿದಷ್ಟೂ ಚಪ್ಪಟೆಯಾಗಿ ಹಿಂದಿರುಗುವುದು ಕಡಿಮೆಯಾಗುತ್ತದೆ. ಪಿಯು (ಪಾಲಿಯುರೆಥೇನ್) ಫೋಮ್ ಭಾರ, ತಾಳಿಕೆ ಹೆಚ್ಚು. ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಉಬ್ಬಿಸಿ ಬೆಸೆದ ಫೋಮ್ (ಅಡಿಡಾಸ್‌ನ ಬೂಸ್ಟ್ ಈ ಜಾತಿ) ಪುಟಿಯುತ್ತದೆ, ಆಕಾರ ಬೇಗ ಕಳೆದುಕೊಳ್ಳುವುದಿಲ್ಲ. ನೈಕಿಯ ಜೂಮ್‌ನಲ್ಲಿ ಒತ್ತಡದ ಗಾಳಿ ತುಂಬಿದ ತೆಳು ಚೀಲ, ಒಳಗೆ ಬಿಗಿದ ನೂಲುಗಳು. ನಿಮಗೆ ಹಿಮ್ಮಡಿಯಲ್ಲಿ ದಪ್ಪ ಮೆತ್ತೆ, ಮುಂಗಾಲಿನಲ್ಲಿ ತುಸು ಗಟ್ಟಿ, ನಡುವೆ ತಿರುಚದಂತೆ ತಡೆಯುವ ಶ್ಯಾಂಕ್ ಪಟ್ಟಿ ಇರುವ ಶೂ ಸರಿ. ಪಟ್ಟಿ ಇದೆಯೋ ಇಲ್ಲವೋ ನೋಡಲು ಮುಂದೆ ಹಿಂದೆ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ. ನಡುವಲ್ಲೇ ಸುಲಭವಾಗಿ ತಿರುಚಿಕೊಂಡರೆ ಕೆಳಗಿಡಿ. ಬೆರಳುಗಳ ಬುಡದಲ್ಲಿ ಮಾತ್ರ ಮಡಿಯಬೇಕು. ಚುರುಕಾಗಿ ಓಡುವ ಗಾರ್ಡ್ ಆಟಗಾರರಿಗೆ ಇದೇ ಸಲಹೆ ಒಪ್ಪದು. ಅವರಿಗೆ ನೆಲ ಕಾಲಿಗೆ ಗೊತ್ತಾಗುವ ತೆಳು ಮುಂಗಾಲು ಬೇಕು.

ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಶೂ ಮೇಲೆ ಹಣ ಸುರಿಯುವುದು ಬಿಟ್ಟು ಮೂಳೆ ತಜ್ಞರಿಗೆ ತೋರಿಸಿ.

ಪ್ರಶ್ನೆ: ಸೂಪರ್ ಮಾರ್ಕೆಟ್ ಕಡೆ ದೊಡ್ಡ ಬ್ರ್ಯಾಂಡಿನ ‘ಫಸ್ಟ್ ಕಾಪಿ’ ಎರಡೂವರೆ ಸಾವಿರಕ್ಕೆ ಸಿಗುತ್ತದೆ. ನೋಡಲು ತಂಗಿ–ಅಕ್ಕ. ತಗೊಳ್ಳಬಹುದೇ?
– ಕಲಬುರಗಿ

ಉತ್ತರ: ಕಾಲೇಜಿಗೆ ಹಾಕಿಕೊಂಡು ಹೋಗಲು ಆದರೆ ನಿಮ್ಮಿಷ್ಟ, ಆಡಲು ಬೇಡ. ನಕಲಿಯಲ್ಲಿ ಕಾಣುವ ಭಾಗ ಅಸಲಿಯಂತಿರುತ್ತದೆ, ಕಾಣದ ಭಾಗ ಇರುವುದೇ ಇಲ್ಲ. ಗಾಳಿಚೀಲದ ಗುರುತು ಹೊರಗೆ, ಒಳಗೆ ಬರೀ ಫೋಮ್. ಕಾರ್ಬನ್ ಪಟ್ಟಿಯ ಚಿತ್ರ ಅಚ್ಚಾಗಿರುತ್ತದೆ, ಪಟ್ಟಿ ಇಲ್ಲ. ಅಂಟು ಕಡಿಮೆ ದರ್ಜೆಯದು, ಪಕ್ಕಕ್ಕೆ ಜೋರು ಕಟ್ ಹೊಡೆದಾಗ ಮೇಲ್ಭಾಗ ಅಡಿಯಿಂದ ಬಿಟ್ಟುಕೊಳ್ಳುತ್ತದೆ. ಹಾಗೆಂದು ಅಸಲಿ ಹರಿಯುವುದೇ ಇಲ್ಲವೆಂದಲ್ಲ. 2019ರ ಫೆಬ್ರುವರಿ 20ರಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ತಂಡದ ಝಯಾನ್ ವಿಲಿಯಮ್ಸನ್ ಅವರ ನೈಕಿ ಶೂ ಆಟ ಶುರುವಾದ ಒಂದು ನಿಮಿಷದೊಳಗೆ ಸೀಳಿ ಪಾದವೇ ಹೊರಬಂದಿತ್ತು. ಅಸಲಿಯಲ್ಲಿ ಅಪರೂಪಕ್ಕೆ ಆಗುವುದು ಸುದ್ದಿಯಾಗುತ್ತದೆ, ನಕಲಿಯಲ್ಲಿ ಆಗುವುದನ್ನು ಯಾರೂ ಬರೆಯುವುದಿಲ್ಲ.

ಅದೇ ಹಣಕ್ಕೆ ತುಸು ಸೇರಿಸಿ ಡೆಕಾತ್ಲಾನ್‌ನ ಸ್ವಂತ ಬ್ರ್ಯಾಂಡ್, ನಮ್ಮ ದೇಶದ ನಿವಿಯಾ ಇಂಥವುಗಳ ಸಾಧಾರಣ ಮಾದರಿ ನೋಡಿ. ದೊಡ್ಡ ಬ್ರ್ಯಾಂಡೇ ಬೇಕೆಂದರೆ ಹೊಸ ಮಾದರಿ ಬಂದಾಗ ಹಿಂದಿನ ವರ್ಷದ್ದು ರಿಯಾಯಿತಿಗೆ ಬರುತ್ತದೆ, ಆಗ ಹಿಡಿಯಿರಿ. ಕೊಳ್ಳುವಾಗ ನಾಲಗೆಯ ಒಳಗಿನ ಚೀಟಿಯ ಮಾದರಿ ಸಂಖ್ಯೆಯೂ ಪೆಟ್ಟಿಗೆಯ ಮೇಲಿನದೂ ಒಂದೇ ಇರಬೇಕು. ಅಂಗಡಿಯ ಶಹಾಬಾದಿ ಕಲ್ಲಿನ ಮೇಲೋ ಟೈಲ್ಸ್ ಮೇಲೋ ಕಿರ್ರೆಂದಿತು ಎಂದು ಹಿಡಿತ ಅಳೆಯಬೇಡಿ. ನುಣುಪು, ಗುಡಿಸಿದ ನೆಲದ ಮೇಲೆ ಎಲ್ಲ ಹೊಸ ಶೂ ಕಿರ್ರೆನ್ನುತ್ತದೆ.

ಪ್ರಶ್ನೆ: ರನ್ನಿಂಗ್ ಶೂ ಇದೆ, ಅದರಲ್ಲೇ ಆಡಬಹುದೇ? ಬ್ಯಾಡ್ಮಿಂಟನ್ ಶೂ?
– ಸೇಡಂ

ಉತ್ತರ: ರನ್ನಿಂಗ್ ಶೂ ಬೇಡವೇ ಬೇಡ. ಅದು ಮುಂದಕ್ಕೆ ಓಡಲು ಮಾಡಿದ್ದು. ಹಿಮ್ಮಡಿ ಎತ್ತರ, ಪಕ್ಕದ ಜಾಲರಿ ಮೆದು. ಪಕ್ಕಕ್ಕೆ ಹಾರಿದಾಗ ಪಾದ ಅಂಚಿನಿಂದ ಹೊರಕ್ಕೆ ಮಗುಚುತ್ತದೆ. ಬ್ಯಾಡ್ಮಿಂಟನ್ ಶೂನ ಗಮ್ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಸಿಮೆಂಟಿನ ಮೇಲೆ ಬೇಗ ಸವೆದು ಹೋಗುತ್ತದೆ. ಮನೆಯಲ್ಲಿ ಹಾರ್ಡ್ ಕೋರ್ಟ್ ಟೆನಿಸ್ ಶೂ ಇದ್ದರೆ ಅದು ಹೆಚ್ಚು ಹತ್ತಿರ. ಗಡುಸು ಅಡಿ, ಅಂಕುಡೊಂಕು ಗೆರೆ, ಪಕ್ಕಕ್ಕೆ ಗಟ್ಟಿ ಆಸರೆ.

ಪ್ರಶ್ನೆ: ಬಲಗಾಲಿನ ಶೂ ಮುಂದೆ ಬಾಯಿ ಬಿಟ್ಟಿದೆ. ಮೋಚಿ ಹೊಲಿಗೆ ಹಾಕುತ್ತೇನೆ ಅನ್ನುತ್ತಾನೆ. ಫೆವಿಕ್ವಿಕ್ ಹಾಕಿದೆ, ನಿಲ್ಲಲಿಲ್ಲ.
– ಹುಮನಾಬಾದ್

ಉತ್ತರ: ಫೆವಿಕ್ವಿಕ್ ಒಣಗಿದರೆ ಗಾಜಿನಂತೆ ಬಿರುಸು, ಶೂ ಮಡಿಯುವ ಜಾಗದಲ್ಲಿ ಪುಡಿಯಾಗುತ್ತದೆ. ಮೋಚಿಗಳ ಬಳಿ ಇರುವ ಹಳದಿ ರಬ್ಬರ್ ಅಂಟು, ಇಲ್ಲವೇ ಹಾರ್ಡ್‌ವೇರ್ ಅಂಗಡಿಯ ಫೆವಿಕಾಲ್ ಎಸ್‌ಆರ್ ಬೇಕು. ಹಳೆಯ ಅಂಟನ್ನೆಲ್ಲ ಕೆರೆದು ತೆಗೆಯಿರಿ, ಫೆವಿಕ್ವಿಕ್ಕಿನ ಚೂರು ಉಳಿಯಲೇಬಾರದು. ಎರಡೂ ಮುಖಗಳನ್ನು 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ದೂಳು ಕೊಡವಿ, ಒರೆಸಿ ಒಣಗಿಸಿ. ಎರಡೂ ಕಡೆ ತೆಳುವಾಗಿ ಅಂಟು ಸವರಿ. ಈಗ ಅವಸರ ಬೇಡ. ಬೆರಳು ಮುಟ್ಟಿದರೆ ಜಿಗಿ ಇರಬೇಕು, ಎಳೆ ಬರಬಾರದು. ಆ ಹದಕ್ಕೆ 10ರಿಂದ 15 ನಿಮಿಷ ಹಿಡಿಯುತ್ತದೆ. ಹೆಚ್ಚಿನವರದು ಕಿತ್ತುಹೋಗುವುದು ಹಸಿ ಇರುವಾಗಲೇ ಒತ್ತಿಬಿಡುವುದರಿಂದ. ಮೂತಿಯ ಕಡೆಯಿಂದ ಹಿಂದಕ್ಕೆ ಒತ್ತುತ್ತಾ ಬನ್ನಿ, ಶೂ ಒಳಗೆ ಬಟ್ಟೆ ಗಟ್ಟಿಯಾಗಿ ತುರುಕಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿಯಿರಿ. 24 ತಾಸು ಹಾಗೇ ಬಿಡಿ.

ಹೊಲಿಗೆ ಹಾಕಿಸಬಹುದೋ ಇಲ್ಲವೋ ಅಡಿಯನ್ನು ನೋಡಿ ತೀರ್ಮಾನಿಸಿ. ಅಡಿಯ ರಬ್ಬರ್ ಬಟ್ಟಲಿನಂತೆ ಪಕ್ಕಕ್ಕೆ ಏರಿದ್ದರೆ ಹೊಲಿಸಿ, ತಾಳುತ್ತದೆ. ಗಾಳಿಚೀಲ ಇರುವ ಶೂಗೆ ದಬ್ಬಳ ಮುಟ್ಟಿಸಬೇಡಿ. ಒಮ್ಮೆ ತೂತಾದರೆ ಗಾಳಿ ತುಂಬಲು ಬರುವುದಿಲ್ಲ, ಆ ಕಾಲು ಶಾಶ್ವತವಾಗಿ ತಗ್ಗು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಶೂನ ಪಿಯು ಮೆತ್ತೆ ತೇವಾಂಶ ಹೀರಿ ಪುಡಿಪುಡಿ ಉದುರುತ್ತಿದ್ದರೆ ಅಂಟಿಗೂ ಹೊಲಿಗೆಗೂ ಅದು ದಕ್ಕದು.

ಪ್ರಶ್ನೆ: ಬೇಸಿಗೆಯಲ್ಲಿ ಶೂ ವಾಸನೆ, ತೊಳೆದು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರೆ ಆಕಾರವೇ ಹೋಯಿತು.
– ಶಹಾಬಾದ್

ಉತ್ತರ: ಮೇ ತಿಂಗಳಲ್ಲಿ ಗಾಳಿಯೇ 42–43 ಡಿಗ್ರಿ ಇರುವಾಗ ಬಿಸಿಲಿನ ನೆಲ ಇನ್ನೂ ಎಷ್ಟೋ ಹೆಚ್ಚು ಕಾಯುತ್ತದೆ. ಶೂ ಅಂಟಿಸುವಾಗ ಕಾರ್ಖಾನೆಯಲ್ಲಿ ಅಂಟನ್ನು ಶಾಖ ಕೊಟ್ಟು ಮೆದು ಮಾಡಿಯೇ ಒತ್ತುತ್ತಾರೆ. ಮಾಳಿಗೆ ಅದೇ ಶಾಖ ಮತ್ತೆ ಕೊಟ್ಟರೆ ಅಂಟು ಸಡಿಲ, ಇವಿಎ ಕುಗ್ಗಿ ಸೊಟ್ಟ. ಬಾಗಿಲು ಹಾಕಿದ ಕಾರು, ತಗಡಿನ ಕೋಣೆಯೂ ಅಷ್ಟೇ. ಒಳಹಾಸು, ಲೇಸ್ ಬಿಚ್ಚಿ ಪ್ರತ್ಯೇಕ ತೊಳೆಯಿರಿ. ಮೇಲ್ಭಾಗಕ್ಕೆ ಬ್ರಷ್ ಮತ್ತು ಸಾಬೂನು ನೀರು ಸಾಕು, ಬಕೆಟ್‌ನಲ್ಲಿ ನೆನೆಹಾಕುವುದು, ವಾಷಿಂಗ್ ಮಷಿನ್ ಎರಡೂ ಬೇಡ. ಒಳಗೆ ವೃತ್ತಪತ್ರಿಕೆ ತುರುಕಿ ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಿಸಿ. ಕಾಗದ ಒದ್ದೆಯಾದಂತೆ ಬದಲಿಸಿ. ದಿನಾ ಆಡುವವರು ಆಟ ಮುಗಿದ ಕೂಡಲೇ ಒಳಹಾಸು ಹೊರತೆಗೆದಿಟ್ಟರೆ ಅರ್ಧ ವಾಸನೆ ಬರುವುದೇ ಇಲ್ಲ.

ಪ್ರಶ್ನೆ: ಶೂ ಬದಲಿಸುವ ಹೊತ್ತು ಹೇಗೆ ಗೊತ್ತಾಗುತ್ತದೆ?
– ಬಸವಕಲ್ಯಾಣ

ಉತ್ತರ: ಹೆಬ್ಬೆರಳಿನ ಬುಡದ ಕೆಳಗೆ ನೋಡಿ, ಗೆರೆ ಮೊದಲು ಅಳಿಯುವುದು ಅಲ್ಲಿ. ಅಂಗೈ ಸವರಿದಾಗ ನುಣುಪಾಗಿದ್ದರೆ ಮುಗಿಯಿತು. ಇನ್ನೊಂದು, ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಮೆತ್ತೆ ಒಂದೇ ಕಡೆ ಕುಸಿದಿದೆ. ಅಡಿ ಚೆನ್ನಾಗಿದ್ದರೂ ಅದು ಆಟಕ್ಕಲ್ಲ.

ಪ್ರಶ್ನೆ: ಅಡಿಗೆ ಕೋಲಾ ಹಚ್ಚಿದರೆ ಹಿಡಿತ ಬರುತ್ತದಂತೆ. ನಿಜವಾ?
– ಬೀದರ್

ಉತ್ತರ: ನಾಲ್ಕೈದು ನಿಮಿಷ ಬರುತ್ತದೆ, ಸಕ್ಕರೆಯ ಜಿಗಿ ಅಷ್ಟೇ. ಗುಡಿಸಿ ಒರೆಸಿದ ಮರದ ನೆಲದಲ್ಲಿ ಆ ಉಪಾಯ ತುಸು ಹೊತ್ತು ಓಡಬಹುದು, ನೆಲ ನೋಡಿಕೊಳ್ಳುವವರು ಕಂಡರೆ ಬೈಯುವುದು ಖಾತ್ರಿ. ಬೀದರಿನ ಬಯಲಿನಲ್ಲಿ ಆ ಜಿಗಿಗೆ ಮೊದಲು ಅಂಟುವುದು ಕೆಂಪು ದೂಳು. ಒಣಗಿದ ಮೇಲೆ ಗೆರೆಯೊಳಗೆ ಗಟ್ಟಿಯಾಗಿ ಕೂರುತ್ತದೆ, ಬ್ರಷ್‌ಗೂ ಬರುವುದಿಲ್ಲ. ಈಗಾಗಲೇ ಹಚ್ಚಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅಡಿಯನ್ನಷ್ಟೇ ಹತ್ತು ನಿಮಿಷ ಇಟ್ಟು ಕಡ್ಡಿಯಿಂದ ಗೆರೆ ಗೆರೆ ಕೆದಕಿ ತೆಗೆಯಿರಿ.